ಹೂಮಳೆ ಸುರಿವ ಪರದೆ

ಇದನ್ನು ನನಗೆ ಮೊದಲು ಹೇಳಿದವಳು ನಮ್ಮ ಕಾಲೇಜಿನ ಲೈಬ್ರರಿಯ ವಾರಿಜಾ. ಅವಳು ಹೇಳಿದ ಹಾಗೇ ಹೇಳುತ್ತೇನೆ.

ಹೊಳೆದಂಡೆಯ ಮೇಲೊಂದು ಗುರುಕುಲ. ಜಿಂಕೆ, ದರ್ಭೆ ಎಲ್ಲ ಇಲ್ಲ. ಪ್ಲಾಸ್ಟಿಕ್ ಕುರ್ಚಿಗಳು, ಮನಸ್ಸಾದರೆ ಬರುವ ವೈಫೈ. ಗುರು ಪಂಕಜಾಕ್ಷಿ ಅಲ್ಲಿ ಮೊಬೈಲ್ ಆ್ಯಪ್‌ಗಳ ಪರದೆ ವಿನ್ಯಾಸ ಕಲಿಸುತ್ತಿದ್ದರು.

ಶಿಷ್ಯೆ ಮಂದಾರ ಒಂದು ಆಸ್ಪತ್ರೆಯ ಆ್ಯಪಿಗೆ ಮಾದರಿ ತಯಾರಿಸಿದ್ದಳು. ಅವಳ ಮೊದಲ ದೊಡ್ಡ ಕೆಲಸ. ಮರುದಿನ ಒಪ್ಪಿಸಬೇಕು; ಒಪ್ಪಿದರೆ ರೋಗಿಗಳೆಲ್ಲ ತಮ್ಮ ವರದಿಯನ್ನು ಅದರಲ್ಲೇ ನೋಡುವವರು.

ಗುರು ನೋಡಿದರು. ಮಾದರಿಯಲ್ಲಿ ಹಾಕಿದ್ದ ಸುಳ್ಳು ರೋಗಿಗಳಿಗೆಲ್ಲ ಆರೋಗ್ಯ ಚೆನ್ನಾಗಿತ್ತು.

"ನಿನ್ನ ಆಸ್ಪತ್ರೆಗೆ ಕಾಯಿಲೆಯೋರು ಬರೋದೇ ಇಲ್ವೇನೆ?"

ಅವರಲ್ಲೊಬ್ಬಳ ಹೆಸರು ಅಳಿಸಿ ತಮ್ಮ ಹೆಸರು ಹಾಕು ಎಂದರು. ಫಲಿತಾಂಶವನ್ನೂ ಹೇಳಿ ಬರೆಸಿದರು: ಸ್ತನದ ಕ್ಯಾನ್ಸರ್, ಯಕೃತ್ತಿಗೂ ಹರಡಿದೆ. ಒಳ್ಳೆ ಪರೀಕ್ಷೆ ಅಂದುಕೊಂಡೇ ಮಂದಾರ ಟೈಪ್ ಮಾಡಿದಳು.

ಗುರು ಫೋನ್ ತೆಗೆದುಕೊಂಡು 'ವರದಿ ನೋಡಿ' ಒತ್ತಿದರು.

ಹಸಿರು ಟಿಕ್ಕು ಬಂತು. ಮೇಲಿನಿಂದ ಬಣ್ಣಬಣ್ಣದ ಹೂಮಳೆ ಸುರಿಯಿತು. 'ಅಭಿನಂದನೆಗಳು ಪಂಕಜಾಕ್ಷಿ! ನಿಮ್ಮ ವರದಿ ಬಂದಿದೆ.' ಅದರ ಕೆಳಗೆ ಕ್ಯಾನ್ಸರ್.

ಅದು ಹಿಂದೆ ಯಾವುದೋ ಸೀರೆ ಅಂಗಡಿಯ ಆ್ಯಪಿಗೆ ಮಾಡಿದ್ದ ಪರದೆ. ಇರೋದನ್ನೇ ಬಳಸಿದರಾಯ್ತು ಅಂತ ನಕಲು ಮಾಡಿ ಅಂಟಿಸಿದ್ದಳು. ಮಂದಾರ ನಾಲಿಗೆ ಕಚ್ಚಿಕೊಂಡಳು.

"ಸದ್ಯ, ಉದಾಹರಣೆಯಲ್ಲೇ ಸಿಕ್ಕಿಬಿತ್ತು ಮೇಡಂ."

"ಉದಾಹರಣೆ ಅಲ್ಲ ಕಣೆ. ಮೊನ್ನೆ ಬಂದದ್ದು."

ಮಂದಾರಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆದಾಗ ಅವರ ಕೈ ಹಿಡಿಯಲು ಹೋದಳು. ಗುರು ಕೈ ಎಳೆದುಕೊಂಡು ಲ್ಯಾಪ್‌ಟಾಪಿನ ಕಡೆ ತೋರಿಸಿದರು. ಅಳುವುದು ಆಮೇಲೂ ಆದೀತು, ಮೊದಲು ಅದನ್ನು ನೋಡು ಎಂದರು.

ಅವಳು ಹೂಮಳೆ ಅಳಿಸಿದಳು. ಟಿಕ್ಕು, ಅಭಿನಂದನೆ, ಎಲ್ಲ ಅಳಿಸಿದಳು. ಉಳಿದದ್ದು ರೋಗದ ಹೆಸರೊಂದೇ. ಅದನ್ನು ಹಾಗೇ ಬಿಡಲಾಗದೆ ಕೆಳಗೊಂದು ಬಟನ್ ಬರೆದಳು: 'ವೈದ್ಯರೊಂದಿಗೆ ಮಾತಾಡಿ'. ಕಣ್ಣೊರೆಸಿಕೊಂಡು ಫೋನ್ ಚಾಚಿದಳು.

ಗುರು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು.

"ಅದರ ಹಿಂದೆ ಇನ್ನೂ ಏನೂ ಜೋಡಿಸಿಲ್ಲ ಮೇಡಂ. ಸದ್ಯಕ್ಕೆ ಬರೀ ಚಿತ್ರ."

ಗುರು ಬೆರಳು ತೆಗೆಯಲಿಲ್ಲ.

"ನಾಳೆ ಆಸ್ಪತ್ರೆಯೋರಿಗೆ ಹೇಳು. ಮುಂದೆ ನಿನ್ನ ಹತ್ರ ಕಲಿಯೋಕೆ ಬರೋರಿಗೂ ಹೇಳು. ಒತ್ತಿದೋಳು ಕಾಯ್ತಾ ಕೂತಿರ್ತಾಳೆ."