ಮೌನವ್ವನ ಬೆಳ್ಳಿ ಜರಡಿ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ನಡುವೆ ಬಾಯಿ ಹಾಕಬೇಡಿ. ನನಗೂ ಗೊತ್ತಿಲ್ಲ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಹೊಳೆಯ ದಂಡೆಗೆ ಒಂದು ನೇಕಾರರ ಊರಿತ್ತು. ಇದೇ ಊರು, ನಿಮ್ಮದೂ ನನ್ನದೂ. ಆಗ ಇಲ್ಲಿ ಪತ್ತಾರ ಮೌನವ್ವ ಅಂತ ಒಬ್ಬಳಿದ್ದಳು, ಬೆಳ್ಳಿ ಕೆಲಸದವಳು. ಹೆಸರೇನೋ ಮೌನವ್ವ. ಬಾಯಿ ತೆರೆದರೆ ಗುಡಿಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹೊಳೆಯ ಆಚೆ ದಂಡೆಗೆ ಹೋಗುತ್ತಿದ್ದವು ಅಂತಾರೆ. ಹುಟ್ಟಾ ಸಿಡುಕಿ ಅಲ್ಲ ಅವಳು. ಅವಳನ್ನು ಸಿಡುಕಿ ಮಾಡಿದ್ದು ಈ ಊರು. ಅದನ್ನೇ ಹೇಳುತ್ತೇನೆ. ನೂಲಿನ ಕಂಡಿಕೆ ಸುತ್ತುತ್ತಲೇ ಕೇಳಿ, ಕೈ ನಿಲ್ಲಿಸಬೇಡಿ.

ಆಗ ಈ ಊರಿಗೆ ಒಂದು ಬೇನೆ ಇತ್ತು. ಬೆಳಗ್ಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದ. ಹೀಗೆ ವರ್ಷಗಟ್ಟಲೆ ಕೂತವನಿಗೆ ಒಂದು ದಿನ ಒಂದೇ ಕಾಲು ಬಾಯುತ್ತಿತ್ತು. ಕೆಂಪಗೆ, ಬಿಸಿಯಾಗಿ, ದಿಂಬಿನಷ್ಟು ದಪ್ಪ. ನಾಲ್ಕು ದಿನ ಕುಂಟುತ್ತ ಓಡಾಡುತ್ತಿದ್ದ. ಐದನೆಯ ದಿನ ಎದೆ ಹಿಡಿದುಕೊಂಡು ಉಸಿರು ಉಸಿರು ಅಂತ ಎರಡು ಸಲ ಅಂದು ಹೋಗಿಬಿಡುತ್ತಿದ್ದ. ಗಾಳಿ ಬಡೀತು ಅನ್ನುತ್ತಿದ್ದರು ಊರವರು. ಕಾಲು ಬಾತದ್ದು ಎಲ್ಲರ ಕಣ್ಣಿಗೂ ಕಂಡಿತ್ತು. ಆದರೂ ಗಾಳಿ!

ಹನ್ನೊಂದು ಹೆಣ ನೋಡಿದ ಮೇಲೆ ಮೌನವ್ವನಿಗೆ ಹೊಳೆಯಿತು ಅಂತಾರೆ. ಕೂತಲ್ಲೇ ಕೂತ ಕಾಲಿನಲ್ಲಿ ರಕ್ತ ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಒಂದು ತುಣುಕು ಕಿತ್ತುಕೊಂಡು ಹೊಟ್ಟೆಯೊಳಗಿನ ದೊಡ್ಡ ನರ ಹಿಡಿದು ಮೇಲಕ್ಕೆ ಹೋಗುತ್ತದೆ, ಪುಪ್ಪುಸಕ್ಕೆ ಸಿಕ್ಕಿಬೀಳುತ್ತದೆ. ಅಂದರೆ ಆ ತುಣುಕನ್ನು ದಾರಿಯಲ್ಲೇ ಹಿಡಿಯಬೇಕು. ಹಾಗಂದುಕೊಂಡು ಅವಳು ಬೆಳ್ಳಿಯನ್ನು ಕೂದಲಿನಷ್ಟು ಸಣ್ಣ ತಂತಿಯಾಗಿ ಎಳೆದಳು. ಆರು ಕಾಲಿನ ಒಂದು ಜರಡಿ ಮಾಡಿದಳು. ಬಟ್ಟೆ ಹರಿದುಹೋದ ಕೊಡೆ ನೋಡಿದ್ದೀರಲ್ಲ, ಕಡ್ಡಿ ಅಷ್ಟೇ ಉಳಿದದ್ದು, ಹಾಗಿತ್ತಂತೆ. ಆದರೆ ಹೆಬ್ಬೆರಳಿಗಿಂತ ಸಣ್ಣದು. ತುದಿಗೆ ಒಂದು ಕೊಕ್ಕೆ.

ಅದನ್ನು ಮಡಿಚಿ, ಬೆಳ್ಳಿಯ ಕೊಳವೆಯಲ್ಲಿಟ್ಟು, ತೊಡೆಯ ಸಂದಿಯ ನರದಿಂದ ಮೇಲಕ್ಕೆ ಕಳಿಸುತ್ತಿದ್ದಳು. ಹೊಕ್ಕುಳದ ಹತ್ತಿರ ಹೋಗಿ ಅದು ಅರಳಿಕೊಂಡು ನಿಲ್ಲುತ್ತಿತ್ತು. ರಕ್ತ ಸೋಸಿ ಹೋಗುತ್ತಿತ್ತು, ಹೆಪ್ಪು ಸಿಕ್ಕಿಕೊಳ್ಳುತ್ತಿತ್ತು. ಹೇಗೆ ಕಳಿಸಿದಳು, ಕಾಣದ ಜಾಗ ಹೇಗೆ ಕಂಡಳು ಅಂತ ನನ್ನನ್ನು ಕೇಳಬೇಡಿ. ಅವಳ ಬೆರಳ ತುದಿಯಲ್ಲಿ ಕಣ್ಣಿದ್ದವು ಅಂತಾರೆ.

ಇನ್ನು ಇದನ್ನು ಮಾತ್ರ ಸರಿಯಾಗಿ ಕೇಳಿಸಿಕೊಳ್ಳಿ, ಯಾಕೆಂದರೆ ಆಗಿನವರು ಕೇಳಿಸಿಕೊಳ್ಳಲಿಲ್ಲ. ಜರಡಿ ಹಾಕಿದ ದಿನವೇ ಮೌನವ್ವ ಹೇಳುತ್ತಿದ್ದಳು. ಇದು ನೆಂಟ, ಮನೆಯವನಲ್ಲ. ಕಷಾಯ ಕುಡಿಯಿರಿ, ನಡೆದಾಡಿರಿ, ಹೆಪ್ಪು ತಾನೇ ಕರಗುತ್ತದೆ. ಮೂರನೆಯ ಅಮಾವಾಸ್ಯೆಯೊಳಗೆ ಬನ್ನಿ, ಕುತ್ತಿಗೆಯ ನರದಿಂದ ಕೊಕ್ಕೆ ಹಾಕಿ ತೆಗೆದುಬಿಡುತ್ತೇನೆ. ಬಿಟ್ಟರೆ ಮಾಂಸ ಅದನ್ನು ಹೊಲಿದುಕೊಳ್ಳುತ್ತದೆ, ಕಸ ತುಂಬಿ ಜರಡಿಯೇ ಒಡ್ಡಾಗುತ್ತದೆ. ಇಷ್ಟೇ ಮಾತು. ಒಂದು ಸಲ ಹೇಳುತ್ತಿದ್ದಳು, ಎರಡು ಸಲ ಹೇಳುತ್ತಿದ್ದಳು, ಹೊಸ್ತಿಲು ದಾಟುವಾಗ ಬೆನ್ನಿಗೆ ಕೂಗಿ ಹೇಳುತ್ತಿದ್ದಳು. ಹೂಂ ಹೂಂ ಅಂತ ತಲೆ ಆಡಿಸಿ ಹೋಗುತ್ತಿದ್ದರು.

ನಲವತ್ತು ಜನಕ್ಕೆ ಹಾಕಿದಳು ಅಂತಾರೆ. ಹಾಕುವ ದಿನ ಅಂಗಳ ತುಂಬ ಜನ, ತೆಂಗಿನಕಾಯಿ, ಹೂವು, ಕಾಲಿಗೆ ಬೀಳುವುದು. ತೆಗೆಸಿಕೊಳ್ಳಲು ಎಷ್ಟು ಜನ ಬಂದರು? ಒಬ್ಬನೂ ಬರಲಿಲ್ಲ. ಒಬ್ಬನೂ!

ಯಾಕೆ ಅಂದರೆ ಬೆಳ್ಳಿ. ಈ ಊರಿನಲ್ಲಿ ಮೈಗೆ ಹತ್ತಿದ ಬೆಳ್ಳಿಯನ್ನು ಬಿಚ್ಚುವುದಿಲ್ಲ. ಹೆಂಗಸಿನ ಕಾಲುಂಗುರ ಬಿಚ್ಚುವುದು ಗಂಡ ಸತ್ತಾಗ. ಗಂಡಸಿನ ಸೊಂಟದ ಬೆಳ್ಳಿ ಉಡದಾರ ಬಿಚ್ಚುವುದು ಅವನೇ ಸತ್ತಾಗ. ಅಂದ ಮೇಲೆ ಬದುಕಿ ಓಡಾಡುವ ಗಂಡಸಿನ ಒಳಗಿನ ಬೆಳ್ಳಿ ತೆಗೆಯಿರಿ ಅಂದರೆ ಯಾವ ಹೆಂಡತಿ ಒಪ್ಪುತ್ತಾಳೆ? ಪಾಪ, ಹೊರಗಿನ ಬೆಳ್ಳಿಯ ಲೆಕ್ಕವನ್ನೇ ಒಳಗಿನದಕ್ಕೂ ಹಚ್ಚಿದರು.

ಆ ನಲವತ್ತರಲ್ಲಿ ಮೊದಲನೆಯವನು ಬನಪ್ಪ. ಅಗಲ ದಡಿಯ ಸೀರೆ ನೇಯುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಅವನ ಹೆಂಡತಿ ದಾನವ್ವ, ಒಳ್ಳೆಯವಳು, ಆದರೆ ಹಿಡಿದದ್ದು ಬಿಡುವವಳಲ್ಲ. ಮೂರನೆಯ ಅಮಾವಾಸ್ಯೆ ಹತ್ತಿರ ಬಂದರೂ ಬನಪ್ಪ ಬರಲಿಲ್ಲ. ಮೌನವ್ವ ತಾನೇ ಹೋದಳು. ದಾನವ್ವ ಮಣೆ ಹಾಕಿದಳು, ಮಜ್ಜಿಗೆ ಕೊಟ್ಟಳು, ಇವತ್ತು ಮಂಗಳವಾರ ಅಂದಳು. ಎರಡನೆಯ ಸಲ ಹೋದಾಗ ಸೀರೆ ಅರ್ಧಕ್ಕಿದೆ ಅಂದಳು. ಮೂರನೆಯ ಸಲ ನಾದಿನಿಯ ಸೀಮಂತ. ನಾಲ್ಕನೆಯ ಸಲ ಅದೇ ಸೀರೆ, ಇನ್ನೂ ಅರ್ಧಕ್ಕೇ ಇತ್ತು! ಹೀಗೆ ಒಂಬತ್ತು ಸಲ ಹೋದಳು ಅಂತಾರೆ. ಒಂದು ಸಲ ಬನಪ್ಪನ ಮಗ್ಗದ ಕುಣಿಯೊಳಗೆ ತಾನೇ ಇಳಿದು ಕೂತು, ನೀನು ನನ್ನ ಜೊತೆ ಬರುವವರೆಗೂ ಏಳುವುದಿಲ್ಲ ಅಂದಳಂತೆ. ಅವನು ಪಕ್ಕದ ಮನೆಯ ಮಗ್ಗಕ್ಕೆ ಹೋಗಿ ನೇಯತೊಡಗಿದನಂತೆ. ಇನ್ನೊಂದು ಸಲ ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದವನನ್ನು ಹಿಡಿಯಲು ಎದೆಮಟ ನೀರಿಗೆ ಇಳಿದಳಂತೆ. ಅವನು ಮುಳುಗು ಹಾಕಿ ಆಚೆ ದಂಡೆಗೆ ಎದ್ದ. ಅಲ್ಲಿಂದ ಕೈ ಮುಗಿದನಂತೆ, ಅದೂ ಭಕ್ತಿಯಿಂದ. ಇಂಥವರ ಜೊತೆ ಏನು ಹೆಣಗುತ್ತೀರಿ ಹೇಳಿ!

ಒಂಬತ್ತನೆಯ ಸಲ ಹೋದಾಗ ಮೌನವ್ವ ಬನಪ್ಪನ ಪಾದ ನೋಡಿದಳು. ಎರಡೂ ಪಾದ ಬಾತಿದ್ದವು. ಮೊದಲು ಒಂದು, ಈಗ ಎರಡು. ಜರಡಿ ತುಂಬಿಕೊಳ್ಳುತ್ತಿದೆ ಅಂತ ಅವಳಿಗೆ ತಿಳಿದುಹೋಯಿತು. ಇನ್ನೊಂದು ವಾರ ತಡವಾದರೆ ಮಾಂಸ ಪೂರ್ತಿ ಹೊಲಿದುಕೊಳ್ಳುತ್ತದೆ, ಆಮೇಲೆ ಅದನ್ನು ತೆಗೆಯುವ ಕೈ ಈ ಲೋಕದಲ್ಲಿಲ್ಲ. ಬನಪ್ಪ ಸಾಯುತ್ತಾನೆ. ಅವಳೇ ಬದುಕಿಸಿದವನು, ಅವಳ ಜರಡಿಯಿಂದಲೇ ಸಾಯುತ್ತಾನೆ. ಅವಳು ದಾನವ್ವನ ಮುಂದೆ ಕೂತು ಎಲ್ಲ ಮೊದಲಿಂದ ಬಿಡಿಸಿ ಹೇಳಿದಳು. ದಾನವ್ವ ಪೂರ್ತಿ ಕೇಳಿಸಿಕೊಂಡು ಕಡೆಗೆ ಇಷ್ಟೇ ಅಂದಳು:

"ಯಕ್ಕಾ, ಮೈಮ್ಯಾಲಿನ ಬೆಳ್ಳಿ ಯಾವಾಗ ಬಿಚ್ಚತಾರ ಅಂತ ನಿನಗ ನಾ ಹೇಳಬೇಕೇನು? ನನ್ನ ಗಂಡ ಇನ್ನೂ ಜೀವಂತ ಅದಾನ."

ಮೌನವ್ವ ಎದ್ದು ಹೋದಳು. ಅವಳು ಬೈಯದೆ ಹೋದದ್ದು ಅದೇ ಮೊದಲು ಅಂತಾರೆ.

ಮಾರನೆಯ ದಿನ ಸಂತೆ. ಮಟಮಟ ಮಧ್ಯಾಹ್ನ, ಊರೆಲ್ಲ ನೆರೆದಾಗ, ಮೌನವ್ವ ಒಂದು ಗಾಡಿಯ ಮೇಲೆ ಹತ್ತಿ ನಿಂತಳು. ನಿಂತು ಕೂಗಿದಳು:

"ಎಲ್ಲಾರೂ ಕೇಳ್ರಿ. ನಾ ನಿಮ್ಮ ಮೈಯಾಗ ಹಾಕಿದ್ದು ಬೆಳ್ಳಿ ಅಲ್ಲ. ತಾಮ್ರ. ಮ್ಯಾಲೆ ಬೆಳ್ಳಿ ನೀರು ಹಚ್ಚೀನಿ. ಮೋಸ ಮಾಡೀನಿ. ಈಗ ಒಳಗ ಕಿಲುಬು ಹಿಡದಿರತೈತಿ."

ಸುಳ್ಳು. ಅಪ್ಪಟ ಸುಳ್ಳು. ಪ್ರತಿ ಜರಡಿಯೂ ಚೊಕ್ಕ ಬೆಳ್ಳಿ. ಕಲಬೆರಕೆ ಅನ್ನುವ ಮಾತು ಅವಳ ಮನೆತನಕ್ಕೆ ಯಾರೂ ಅಂದಿರಲಿಲ್ಲ, ಅವಳೇ ಅಂದುಕೊಂಡಳು, ಅದೂ ಸಂತೆಯಲ್ಲಿ ನಿಂತು. ಪತ್ತಾರ ಕೆಲಸದವರು ಉಪವಾಸ ಬೀಳುತ್ತಾರೆ, ಈ ಮಾತು ಅನ್ನಿಸಿಕೊಳ್ಳುವುದಿಲ್ಲ.

ಕಿಲುಬು ಅಂದರೆ ಏನು ಅಂತ ಯಾವ ಹೆಂಗಸಿಗೆ ಗೊತ್ತಿಲ್ಲ? ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಣಸೆಹುಳಿ ಇಟ್ಟರೆ ವಿಷ ಅಂತ ಎಂಟು ವರ್ಷದ ಹುಡುಗಿಗೂ ಗೊತ್ತು. ಪುಪ್ಪುಸ ಅಂದಾಗ ತಿಳಿಯಲಿಲ್ಲ, ನರ ಅಂದಾಗ ತಿಳಿಯಲಿಲ್ಲ, ಕಿಲುಬು ಅಂದ ಕೂಡಲೇ ತಿಳಿಯಿತು! ಮೌನವ್ವ ಗಾಡಿ ಇಳಿದು ಮನೆ ಮುಟ್ಟುವುದರೊಳಗೆ ಅಂಗಳ ತುಂಬಿತ್ತು. ಮಂಗಳವಾರ ಅನ್ನಲಿಲ್ಲ, ಸೀರೆ ಅರ್ಧಕ್ಕಿದೆ ಅನ್ನಲಿಲ್ಲ. ನಾ ಮೊದಲು ನೀ ಮೊದಲು ಅಂತ ಜಗಳ. ಎಲ್ಲರಿಗಿಂತ ಮುಂದೆ ದಾನವ್ವ, ಗಂಡನ ರಟ್ಟೆ ಹಿಡಿದು ಎಳೆದುಕೊಂಡು, ದಾರಿಯುದ್ದಕ್ಕೂ ಮೌನವ್ವನ ಹಿಂದಿನ ಮುಂದಿನವರನ್ನೆಲ್ಲ ಬೈದುಕೊಂಡು.

ಬನಪ್ಪನನ್ನು ಒಳಗೆ ಮಲಗಿಸಿ ಮೌನವ್ವ ಬಾಗಿಲು ಹಾಕಿದಳು. ಕುತ್ತಿಗೆಯಿಂದ ತಂತಿ ಇಳಿಸಿ ಕೊಕ್ಕೆ ಹಿಡಿದಳು. ಬರಲಿಲ್ಲ. ಮಾಂಸ ಆಗಲೇ ಹಿಡಿದುಕೊಂಡಿತ್ತು. ಒಂದು ಜಾವ ಹೆಣಗಿದಳು ಅಂತಾರೆ, ಅವಳ ಬೆವರು ಬನಪ್ಪನ ಎದೆಯ ಮೇಲೆ ಬೀಳುತ್ತಿತ್ತು ಅಂತಾರೆ. ಹೊರಗಿನಿಂದ ದಾನವ್ವ ಬಾಗಿಲು ಬಡಿಯುತ್ತಲೇ ಇದ್ದಳು, ಬೈಯುತ್ತಲೇ ಇದ್ದಳು. ಕಡೆಗೂ ಬಂತು. ನೀರಿನ ಬಟ್ಟಲಲ್ಲಿ ಹಾಕಿದಳು. ಹುಣಸೆಬೀಜದಷ್ಟು ದೊಡ್ಡ ಕಪ್ಪು ಹೆಪ್ಪು ಅದರಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ತೊಳೆದಾಗ ಜರಡಿ ಬೆಳ್ಳಗೆ ಹೊಳೆಯಿತು. ಎಲ್ಲೂ ತಾಮ್ರವಿಲ್ಲ, ಕಿಲುಬಿಲ್ಲ. ಬನಪ್ಪ ಮಲಗಿದಲ್ಲಿಂದಲೇ ನೋಡಿದ.

"ಕಣ್ಣು ಮುಚ್ಚು. ನೀ ಏನೂ ನೋಡಿಲ್ಲ" ಅಂದಳು ಮೌನವ್ವ. ಜರಡಿಯನ್ನು ಮೂಸೆಯಲ್ಲಿ ಹಾಕಿ ಕರಗಿಸಿಬಿಟ್ಟಳು.

ಮೂರು ದಿನದಲ್ಲಿ ನಲವತ್ತೂ ಹೊರಗೆ ಬಂದವು. ನಲವತ್ತೂ ಜನ ಬದುಕಿದರು. ಹೋಗುವಾಗ ಒಬ್ಬೊಬ್ಬರೂ ಅವಳ ಹೊಸ್ತಿಲ ಮುಂದೆ ಉಗುಳಿ ಹೋದರು. ಅಂದಿನಿಂದ ಅವಳಿಗೆ ಕಿಲುಬಿನ ಮೌನವ್ವ ಅಂತ ಹೆಸರಾಯಿತು. ಯಾರೂ ಅವಳ ಹತ್ತಿರ ಕಾಲುಂಗುರ ಮಾಡಿಸಲಿಲ್ಲ, ಉಡದಾರ ಮಾಡಿಸಲಿಲ್ಲ. ಕಾಲು ಬಾತಾಗ ಮಾತ್ರ ಅವಳ ಬಾಗಿಲಿಗೇ ಬರುತ್ತಿದ್ದರು. ತಾಮ್ರದ ಜರಡಿ, ಕಿಲುಬು ಹಿಡಿಯುತ್ತದೆ ನೋಡು ಅಂತ ಅವಳು ಹೇಳುತ್ತಿದ್ದಳು, ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಬರುತ್ತಿದ್ದರು. ಹಾಗಾಗಿ ಆ ಸುಳ್ಳನ್ನು ಅವಳು ಸಾಯುವವರೆಗೂ ಬಿಡುವಂತಿರಲಿಲ್ಲ.

ಬನಪ್ಪ ಬಾಯಿ ಬಿಡಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಬೆಳ್ಳಿ ಅಂತ ಗೊತ್ತಾದರೆ ದಾನವ್ವ ಮತ್ತೆ ಒಳಗೆ ಹಾಕಿಸುತ್ತಾಳೆ ಅಂತ ಅವನಿಗೆ ಹೆದರಿಕೆ ಇತ್ತಂತೆ. ಎಂಥ ಗಂಡಸು! ಮೌನವ್ವ ಊರಿನಿಂದ ಬೈಸಿಕೊಳ್ಳುತ್ತಿದ್ದರೆ ಇವನು ತಲೆ ತಗ್ಗಿಸಿ ಲಾಳಿ ಒಗೆಯುತ್ತ ಕೂತಿದ್ದ, ಇಪ್ಪತ್ತು ವರ್ಷ. ಅವನ ನಾಲಿಗೆಯನ್ನು ಆ ಜರಡಿಯ ಕೊಕ್ಕೆಯಿಂದಲೇ ಎಳೆಯಬೇಕಿತ್ತು.

ಮೌನವ್ವ ಸತ್ತಳು. ಮಣ್ಣಿಗೆ ಹತ್ತೇ ಜನ ಬಂದಿದ್ದರು. ಬಂದವರೂ ಕುಣಿಯ ಸುತ್ತ ನಿಂತು ತಾಮ್ರದ ಮಾತನ್ನೇ ಆಡುತ್ತಿದ್ದರು. ಆಗ ಬನಪ್ಪನಿಗೆ ತಡೆಯಲಾಗಲಿಲ್ಲ. ಮುದುಕನಾಗಿದ್ದ, ಕೋಲೂರಿ ಮುಂದೆ ಬಂದು ಅಂದ:

"ಬೆಳ್ಳಿನೇ ಇತ್ತು. ನಾ ಕಣ್ಣಾರೆ ನೋಡೀನಿ. ನಮ್ಮನ್ನ ಉಳಿಸಾಕ ಸುಳ್ಳು ಹೇಳಿದ್ಲು."

ದಾನವ್ವ ಗಂಡನ ಮುಖ ನೋಡಿದಳು. ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕೂತಳು. ಕಾಲುಂಗುರಕ್ಕೆ ಕೈ ಹಾಕಿದಳು. ಮದುವೆಯಲ್ಲಿ ಹಾಕಿದವು, ಬೆರಳಿನ ಮಾಂಸಕ್ಕೆ ಕೂಡಿಕೊಂಡುಬಿಟ್ಟಿದ್ದವು. ಜೊತೆಗಿದ್ದ ಹೆಂಗಸರು ಬೇಡ ಬೇಡ ಅಂತ ಕೈ ಹಿಡಿದರು, ಗಂಡ ಎದುರಿಗೇ ನಿಂತಿದ್ದಾನೆ ಅಂತ ಕೂಗಿದರು. ಅವಳು ಬಿಡಲಿಲ್ಲ. ರಕ್ತ ಬಂತು. ಎರಡೂ ಕಾಲಿನ ಉಂಗುರ ಕಿತ್ತು ಮೌನವ್ವನ ಎದೆಯ ಮೇಲಿಟ್ಟಳು. ಗಂಡ ನಿಂತಲ್ಲೇ ನಿಂತಿದ್ದ, ಜೀವಂತ.

ಅಂದಿನಿಂದ ನಮ್ಮೂರಿನಲ್ಲಿ ಯಾರೂ ಬೆಳ್ಳಿಯನ್ನು ಒರೆಗಲ್ಲಿಗೆ ತಿಕ್ಕಿ ನೋಡುವುದಿಲ್ಲ. ಮಾರುವವನು ಬೆಳ್ಳಿ ಅಂದರೆ ಬೆಳ್ಳಿ. ಮೌನವ್ವನ ಹೆಸರು ಹೇಳಿ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ. ಈ ಸಂಗತಿ ಸುತ್ತ ಹತ್ತೂರಿಗೆ ಗೊತ್ತು, ಹಾಗಾಗಿ ಹತ್ತೂರಿನ ಕಲಬೆರಕೆ ಬೆಳ್ಳಿಯೆಲ್ಲ ನಮ್ಮೂರಿಗೇ ಬರುತ್ತದೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಸೊಸೆಯಂದಿರ ಕಾಲ್ಬೆರಳು ಹಸಿರಾಗುತ್ತವೆ. ಎಲ್ಲರಿಗೂ ಗೊತ್ತು, ಆದರೂ ಒರೆ ಹಚ್ಚುವುದಿಲ್ಲ. ಅವಳು ಕೇಳಿದ್ದು ಇದನ್ನಲ್ಲ, ನನ್ನಪ್ಪಗಳಿರಾ. ಹೇಳಿದ ದಿನ ಬನ್ನಿ ಅಂದಿದ್ದಳು, ಅಷ್ಟೇ. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತೇವೆ.