ಮಾವ, ಅಳಿಯ ಮತ್ತು ದೊಡ್ಡ ಯಂತ್ರ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಒಬ್ಬ ಮಾವ, ಒಬ್ಬ ಅಳಿಯ ಒಂದೇ ಮನೆಯಲ್ಲಿ ಇದ್ದರು. ಮಾವನ ಹೆಸರು ಪುಟ್ಟಾಚಾರಿ, ಅಳಿಯನ ಹೆಸರು ಮೌನೇಶ. ಒಬ್ಬರನ್ನು ಕಂಡರೆ ಒಬ್ಬರಿಗೆ ಪ್ರಾಣ. ಆ ಪ್ರೀತಿ ನೋಡಿ ನೋಡಿ ಮನೆಯ ಮಿಕ್ಕವರಿಗೆ ತಲೆನೋವು ಬರುತ್ತಿತ್ತು.

ಯಾಕೆ ಅಂತೀರಾ? ಕೇಳಿ. ತಟ್ಟೆಯಲ್ಲಿ ಕೊನೆಯ ದೋಸೆ ಉಳಿದರೆ ಮಾವ ಅಳಿಯನ ಕಡೆ ತಳ್ಳುವುದು, ಅಳಿಯ ಮಾವನ ಕಡೆ ತಳ್ಳುವುದು. ದೋಸೆ ಆರಿ ಚಕ್ಕಳವಾಗಿ ಕಡೆಗೆ ಬೀದಿಯ ಹಸುವಿಗೆ ಹೋಗುವುದು. ಮದುವೆಯಾದ ಹೊಸದರಲ್ಲಿ ಮೌನೇಶ ಹಾಗಲಕಾಯಿ ಗೊಜ್ಜು ತಿಂದು, ಚೆನ್ನಾಗಿದೆ ಅಂದುಬಿಟ್ಟಿದ್ದ. ಅಂದಿನಿಂದ ಪ್ರತಿ ಭಾನುವಾರ ಮಾವ ತಾವೇ ಮಾರ್ಕೆಟ್ಟಿಗೆ ಹೋಗಿ ಎಳೆಯ ಹಾಗಲಕಾಯಿ ಆರಿಸಿ ತರುತ್ತಿದ್ದರು. ಅಳಿಯ ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಿದ್ದ. ನಿಮ್ಮ ಮನೆಯಲ್ಲೂ ಇರುತ್ತಾರೆ ಬಿಡಿ ಇಂಥವರು.

ಪುಟ್ಟಾಚಾರಿ ಮರ ಕಡೆಯುವವರು. ಲೇತಿನ ಮೇಲೆ ಮರ ತಿರುಗಿಸಿ, ಉಳಿ ಹಿಡಿದು, ಮಂಚದ ಕಾಲು, ತೊಟ್ಟಿಲ ಕಂಬಿ, ಲಟ್ಟಣಿಗೆ ಮಾಡುತ್ತಿದ್ದರು. ಮೌನೇಶ ಒಂದು ಕ್ಲಬ್ಬಿನಲ್ಲಿ ಸ್ನೂಕರ್ ಮೇಜು ನೋಡಿಕೊಳ್ಳುವ ಕೆಲಸದಲ್ಲಿದ್ದ. ಸ್ನೂಕರ್ ಆಡುವ ಉದ್ದನೆಯ ಕೋಲಿಗೆ ಕ್ಯೂ ಅನ್ನುತ್ತಾರೆ. ಹಿಂದೆ ದಪ್ಪ, ಮುಂದೆ ಬರಬರುತ್ತಾ ಸಣ್ಣ. ಅದು ಕೂದಲೆಳೆಯಷ್ಟು ಸೊಟ್ಟಗಾದರೂ ಚೆಂಡು ಎತ್ತಲೋ ಹೋಗುತ್ತದೆ. ಕೆಟ್ಟುಹೋದ ಕ್ಯೂಗಳನ್ನು ಮೌನೇಶ ಮನೆಗೆ ತರುತ್ತಿದ್ದ, ಮಾವ ಅಳಿಯ ಇಬ್ಬರೂ ಕೂತು ರಿಪೇರಿ ಮಾಡುತ್ತಿದ್ದರು. ಹೀಗೆ ಮಾಡುತ್ತಾ ಮಾಡುತ್ತಾ, ಬರೀ ರಿಪೇರಿ ಯಾಕೆ, ಹೊಸ ಕ್ಯೂಗಳನ್ನೇ ಮಾಡೋಣ ಅನ್ನಿಸಿತು.

ಆದರೆ ಪುಟ್ಟಾಚಾರಿಯವರ ಕೈ ಈಚೆಗೆ ನಡುಗತೊಡಗಿತ್ತು. ಲಟ್ಟಣಿಗೆಗೆ ಅಡ್ಡಿಯಿಲ್ಲ, ಕ್ಯೂಗೆ ಆಗದು. ಹಾಗಾಗಿ ಒಂದು ಸಿಎನ್‌ಸಿ ಯಂತ್ರ ಕೊಳ್ಳುವುದು ಅಂತಾಯಿತು. ಕಂಪ್ಯೂಟರಿಗೆ ಅಳತೆ ಕೊಟ್ಟರೆ ತಾನೇ ಕಡೆದು ಕೊಡುವ ಯಂತ್ರ ಅದು. ಮೌನೇಶ ಕ್ಲಬ್ಬಿನ ಕೆಲಸ ಬಿಟ್ಟ. ಪುಟ್ಟಾಚಾರಿ ಹಳೆಯ ಲೇತೊಂದನ್ನು ಬಿಟ್ಟು ಹಿತ್ತಲಿನ ಶೆಡ್ಡು ಖಾಲಿ ಮಾಡಿಸಿದರು. ಇಬ್ಬರ ಉಳಿತಾಯ ಸೇರಿಸಿದರೂ ಒಂದೇ ಒಂದು ಯಂತ್ರ ಬರುವಂತಿತ್ತು. ಅದು ಸರಿಹೋದರೆ ಕಾರ್ಖಾನೆ, ಕೈಕೊಟ್ಟರೆ ಇಬ್ಬರೂ ತಲೆ ಮೇಲೆ ಕೈಹೊತ್ತು ಕೂರಬೇಕು.

ಕಡೆಸಿ ನೋಡಲು ಎರಡು ಮರದ ಕೋಲು ಕಟ್ಟಿಕೊಂಡು, ಯಂತ್ರ ನೋಡಲು ಇಬ್ಬರೂ ಬೆಂಗಳೂರಿಗೆ ಹೊರಟರು. ಮೌನೇಶನ ಹೆಂಡತಿ ಪಂಕಜ, ಅಂದರೆ ಪುಟ್ಟಾಚಾರಿಯವರ ಮಗಳು, ಬುತ್ತಿ ಕಟ್ಟಿಕೊಟ್ಟಳು. ಅಲ್ಲಿ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಿ ಅಂತ ಇಬ್ಬರಿಗೂ ಬುದ್ಧಿ ಹೇಳಿ ಕಳಿಸಿದಳು. ಇಬ್ಬರೂ ಹೂಂ ಅಂದರು. ಹೂಂ ಅನ್ನುವುದರಲ್ಲಿ ಇವರನ್ನು ಮೀರಿಸುವವರಿಲ್ಲ.

ಮಳಿಗೆಯಲ್ಲಿ ಎರಡು ಯಂತ್ರ ಇದ್ದವು. ಒಂದು ಸಣ್ಣದು, ಮರಕ್ಕೆಂದೇ ಮಾಡಿದ್ದು. ನೋಡಲು ಉದ್ದನೆಯ ಬೆಂಚಿನ ಹಾಗೆ, ಗೋಡೆ ಬದಿಗೆ ಹಾಕಿಬಿಡಬಹುದು. ಸಿಪ್ಪೆ ಸುಲಿದ ಹಾಗೆ ತೆಳ್ಳಗೆ ಕಡೆಯುತ್ತದೆ, ಬಲು ನಿಧಾನ. ಇನ್ನೊಂದು ದೊಡ್ಡದು. ಕಬ್ಬಿಣ ಕಡೆಯಲು ಹುಟ್ಟಿದ್ದು, ಮರವನ್ನೂ ಕಡೆಯುತ್ತದೆ. ಗಾಜಿನ ಬಾಗಿಲು, ಒಳಗೆ ದೀಪ, ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಒಂದು ಕ್ಯೂ ಆಚೆಗೆ.

ಈಗ ನಿಮಗೆ ಮರದ ಸ್ವಭಾವ ಒಂದಿಷ್ಟು ಗೊತ್ತಿರಬೇಕು. ಮರ ಎಷ್ಟು ಒಣಗಿದರೂ ಅದರೊಳಗೆ ಒಂದು ಬಿಗಿ ಇರುತ್ತದೆ. ಒಮ್ಮೆಗೇ ಕಡೆದು ಸಣ್ಣ ಮಾಡಿದರೆ ಆ ಬಿಗಿ ಆಮೇಲೆ ಸಡಿಲವಾಗುತ್ತದೆ, ಕೋಲು ಬಾಗುತ್ತದೆ. ಅದಕ್ಕೇ ಕ್ಯೂ ಮಾಡುವವರು ಸ್ವಲ್ಪ ಕಡೆದು, ಗೋಡೆಗೆ ನೇತುಹಾಕಿ, ಅದು ಎತ್ತ ತಿರುಗುತ್ತದೋ ತಿರುಗಲಿ ಅಂತ ವಾರಗಟ್ಟಲೆ ಬಿಡುತ್ತಾರೆ. ಮತ್ತೆ ಸ್ವಲ್ಪ ಕಡೆಯುತ್ತಾರೆ, ಮತ್ತೆ ನೇತುಹಾಕುತ್ತಾರೆ. ಇದು ಮಾವನಿಗೂ ಗೊತ್ತಿತ್ತು, ಅಳಿಯನಿಗೂ ಗೊತ್ತಿತ್ತು. ದೊಡ್ಡ ಯಂತ್ರ ಬಂದರೆ ಶೆಡ್ಡು ತುಂಬಿಹೋಗಿ ಕೋಲು ನೇತುಹಾಕಲು ಗೋಡೆಯೇ ಸಿಗುವುದಿಲ್ಲ ಅಂತಲೂ ಗೊತ್ತಿತ್ತು. ಇಬ್ಬರಿಗೂ ಸಣ್ಣದೇ ಹಿಡಿಸಿತ್ತು.

ಆದರೆ ಪುಟ್ಟಾಚಾರಿಯವರಿಗೆ ಮಂಡಿ ನೋವು. ಮಳಿಗೆಯಲ್ಲಿದ್ದ ಒಂದೇ ಕುರ್ಚಿ ದೊಡ್ಡ ಯಂತ್ರದ ಎದುರಿಗಿತ್ತು. ಅವರು ಅಲ್ಲಿ ಕೂತು ಉಸ್ಸಪ್ಪಾ ಅಂದರು. ಮಾವನಿಗೆ ಇದೇ ಇಷ್ಟವಾಗಿದೆ ಅಂದುಕೊಂಡ ಮೌನೇಶ. ಇದು ಹೇಗಿದೆ ಮಾವ ಅಂತ ಕೇಳಿದ. ಅಳಿಯ ಇದನ್ನೇ ಆಸೆಪಟ್ಟಿದ್ದಾನೆ ಅಂದುಕೊಂಡ ಮಾವ, ಭೇಷಾಗಿದೆ ಅಂದರು. ಆಗಿಹೋಯಿತಲ್ಲ ಕಥೆ! ಆಮೇಲೆ ಇಬ್ಬರೂ ಪೈಪೋಟಿಯ ಮೇಲೆ ಆ ಯಂತ್ರವನ್ನು ಹೊಗಳಿದ್ದೇ ಹೊಗಳಿದ್ದು. ಮಳಿಗೆಯವರು, ನೀವು ತಂದ ಮರವನ್ನು ಯಾವುದರಲ್ಲಿ ಕಡೆದು ತೋರಿಸಲಿ ಅಂತ ಕೇಳಿದರು. ದೊಡ್ಡದರಲ್ಲೇ ಅಂದರು ಇಬ್ಬರೂ ಒಟ್ಟಿಗೆ.

ಫಳಫಳ ಹೊಳೆಯುವ ಎರಡು ಕ್ಯೂ ಬಂದವು. ಮಾವನಿಗೊಂದು, ಅಳಿಯನಿಗೊಂದು. ಒಳ್ಳೆಯ ದಿನ ನೋಡಿ ಮುಂಗಡ ಕೊಡುತ್ತೇವೆ ಅಂತ ಹೇಳಿ ಬಂದರು.

ದೊಡ್ಡ ಯಂತ್ರ ಬರುವುದಾದರೆ ಹಳೆಯ ಲೇತು ಜಾಗ ಬಿಡಬೇಕು. ನಂಜನಗೂಡಿನ ಮಂಚದ ಅಂಗಡಿಯವರಿಗೆ ಅದನ್ನು ಕೊಡುವುದೆಂದು ಮಾತಾಯಿತು. ಹಳೇ ಕಬ್ಬಿಣ, ಹೋದರೆ ಹೋಗಲಿ ಬಿಡು ಅಂತ ಪುಟ್ಟಾಚಾರಿ ನಕ್ಕರು. ಆಮೇಲೆ ಶೆಡ್ಡಿಗೆ ಹೋಗಿ ಬಟ್ಟೆಗೆ ಎಣ್ಣೆ ಮುಟ್ಟಿಸಿಕೊಂಡು ಅದನ್ನು ಒರೆಸಿದರು, ಒರೆಸಿದರು, ಊಟಕ್ಕೆ ಕರೆದರೂ ಬರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ ಮೌನೇಶ, ಲೇತು ಇಲ್ಲೇ ಇರಲಿ ಮಾವ ಅನ್ನಲು ಬಾಯಿ ತೆರೆದ. ಆದರೆ ಮಾವನೇ ಮೆಚ್ಚಿದ ಯಂತ್ರ, ಬೇಡ ಅನ್ನುವುದು ಹೇಗೆ?

ಅಷ್ಟರಲ್ಲಿ ಎರಡೂ ಕ್ಯೂ ತಮ್ಮ ಕೆಲಸ ಶುರುಮಾಡಿದ್ದವು. ಪುಟ್ಟಾಚಾರಿ ತಮ್ಮದನ್ನು ಕಲ್ಲಿನ ಕಟ್ಟೆಯ ಮೇಲೆ ಉರುಳಿಸಿದರೆ ತುದಿ ಮೇಲೆದ್ದು ಕೆಳಗೆ ಬಿದ್ದು ಕುಣಿಯಿತು, ಅಂದರೆ ಕೋಲು ಬಾಗಿತ್ತು. ಅಯ್ಯೋ, ಕೆಲಸ ಬಿಟ್ಟು ಬಂದ ಹುಡುಗ, ಅವನಿಗೆ ಇದನ್ನು ಹೇಳಿದರೆ ಎದೆ ಒಡೆದುಕೊಳ್ಳುತ್ತಾನೆ ಅಂದುಕೊಂಡು, ಯಾರೂ ಇಲ್ಲದಾಗ ಅದನ್ನು ಬಚ್ಚಲ ಒಲೆಯ ಸೌದೆ ರಾಶಿಯೊಳಗೆ ತುರುಕಿದರು. ಮೌನೇಶ ತನ್ನದನ್ನು ಹಳೆಯ ಕ್ಲಬ್ಬಿಗೆ ಒಯ್ದು ಮೇಜಿನ ಮೇಲೆ ಉರುಳಿಸಿದ. ಅದೂ ಬಾಗಿತ್ತು. ಲೇತನ್ನೇ ಬಿಟ್ಟುಕೊಡುತ್ತಿರುವ ಮಾವನಿಗೆ ಹೇಗೆ ಹೇಳಲಿ ಅಂತ ಅವನೂ ತಂದು ಅದೇ ಸೌದೆ ರಾಶಿಯ ಇನ್ನೊಂದು ತುದಿಗೆ ತುರುಕಿದ. ನಿನ್ನ ಕ್ಯೂ ಹೇಗಿದೆ ಅಂತ ಮಾವ, ನಿಮ್ಮದು ಹೇಗಿದೆ ಅಂತ ಅಳಿಯ. ಭೇಷಾಗಿದೆ, ಭೇಷಾಗಿದೆ. ಇವರಿಗೆ ಏನನ್ನಬೇಕು, ನೀವೇ ಹೇಳಿ.

ಮುಂಗಡ ಕೊಡುವ ದಿನ ಬಂತು. ಬೆಳಗಾಗೆದ್ದು ಪಂಕಜ ಹಂಡೆಯೊಲೆ ಹಚ್ಚಲು ಕೂತಳು. ಸೌದೆ ಎಳೆದಳು, ಒಂದು ಕ್ಯೂ ಬಂತು. ಗಾಬರಿಯಾಗಿ ಇನ್ನೊಂದು ಕಡೆ ಎಳೆದಳು, ಇನ್ನೊಂದು ಬಂತು. ಅವಳೂ ಆಚಾರಿಯ ಮಗಳೇ. ಎರಡನ್ನೂ ನೆಲದ ಮೇಲೆ ಉರುಳಿಸಿ ನೋಡಿದಳು, ಎಲ್ಲ ಅರ್ಥವಾಯಿತು. ಇಬ್ಬರನ್ನೂ ಕರೆದು ಹಿತ್ತಲ ಕಟ್ಟೆಯ ಮೇಲೆ ಕೂರಿಸಿದಳು.

"ಏನು ಅಂತ ಹೇಳಿ. ಹೇಳೋವರೆಗೂ ಸ್ನಾನಕ್ಕೆ ನೀರಿಲ್ಲ, ಕಾಫಿನೂ ಇಲ್ಲ," ಅಂದಳು.

ಮಾವ ಅಳಿಯನ ಮುಖ ನೋಡಿದರು, ಅಳಿಯ ಮಾವನ ಮುಖ ನೋಡಿದ. ಮೊದಲು ನೀವು ಹೇಳಿ ಅಂತ ಇವನು, ಇಲ್ಲ ನೀನೇ ಹೇಳಪ್ಪ ಅಂತ ಅವರು. ಅಲ್ಲೂ ಅದೇ ದೋಸೆಯ ಹಾಡು. ಪಂಕಜ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು.

ಕಡೆಗೆ ಮೌನೇಶ ತಲೆ ತಗ್ಗಿಸಿಕೊಂಡೇ ಬಾಯಿಬಿಟ್ಟ. "ಮಾವ, ಆ ಲೇತು ಕೊಡಬೇಡಿ. ನಿಮ್ಮ ಲೇತು ಇಲ್ಲದ ಶೆಡ್ಡಲ್ಲಿ ನನಗೆ ಕೆಲಸ ಮಾಡೋಕೆ ಮನಸ್ಸು ಬರಲ್ಲ."

ಪುಟ್ಟಾಚಾರಿಯವರ ಕಣ್ಣು ತುಂಬಿತು. ನಡುಗುವ ಕೈಯನ್ನು ಅಳಿಯನ ಭುಜದ ಮೇಲಿಟ್ಟರು. "ನನಗೆ ಮೊದಲಿಂದಲೂ ಆ ಸಣ್ಣ ಯಂತ್ರವೇ ಹಿಡಿಸಿತ್ತು ಕಣಪ್ಪ. ನೀನು ದೊಡ್ಡದನ್ನ ಇಷ್ಟಪಟ್ಟೆ ಅಂತ ಸುಮ್ಮನಾದೆ."

"ನಾನೆಲ್ಲಿ ಇಷ್ಟಪಟ್ಟೆ? ನೀವು ಅದರ ಮುಂದೇನೇ ಕೂತಿದ್ರಲ್ಲ."

"ಮಂಡಿ ನೋಯ್ತಿತ್ತು ಕಣೋ. ಕುರ್ಚಿ ಇದ್ದದ್ದು ಅಲ್ಲಿ."

ಪಂಕಜ ನಗು ತಡೆಯಲಾರದೆ ಸೌದೆ ರಾಶಿಯ ಮೇಲೇ ಕೂತುಬಿಟ್ಟಳು. ಆಮೇಲೆ ಎದ್ದು ಇಬ್ಬರಿಗೂ ಕಾಫಿ ಕೊಟ್ಟಳು, ಇಬ್ಬರನ್ನೂ ಬಸ್ಸು ಹತ್ತಿಸಿ ಬಂದಳು.

ಸಣ್ಣ ಯಂತ್ರ ಬಂತು, ಗೋಡೆ ಬದಿಗೆ ಕೂತಿತು. ಹಳೆಯ ಲೇತು ಕಿಟಕಿಯ ಹತ್ತಿರ ತನ್ನ ಜಾಗದಲ್ಲೇ ಉಳಿಯಿತು. ಎದುರು ಗೋಡೆಯ ತುಂಬ ಅರ್ಧ ಕಡೆದ ಕ್ಯೂಗಳು ನೇತಾಡಿದವು. ತಿಂಗಳುಗಳು ಕಳೆದ ಮೇಲೆ ಮೊದಲ ಕ್ಯೂ ಮುಗಿಯಿತು. ಕಲ್ಲಿನ ಕಟ್ಟೆಯ ಮೇಲೆ ಉರುಳಿಸಿದರೆ ಒಂದಿಷ್ಟೂ ಕುಣಿಯದೆ ಉರುಳಿಕೊಂಡು ಹೋಯಿತು. ಮೌನೇಶ ಅದನ್ನು ಮಾವನ ಕೈಗೆ ಕೊಟ್ಟ. ಹೇಗಿದೆ ಅಂತ ಕೇಳಿದ. ಭೇಷಾಗಿದೆ ಅನ್ನುವ ಮೊದಲು ಪುಟ್ಟಾಚಾರಿ ಇನ್ನೆರಡು ಸಲ ಉರುಳಿಸಿ ನೋಡಿದರು, ಹಿಡಿ ಒಂಚೂರು ದಪ್ಪವಾಯಿತು ಅಂದರು. ಅಳಿಯನಿಗೆ ಅದನ್ನು ಕೇಳಿ ಎಷ್ಟು ಖುಷಿಯಾಯಿತೆಂದರೆ, ಹೊಗಳಿಕೆಗೂ ಅಷ್ಟು ಆಗುತ್ತಿರಲಿಲ್ಲ.

ಅಂದು ಭಾನುವಾರ. ಊಟಕ್ಕೆ ಕೂತಾಗ ಪಂಕಜ ಗೊಜ್ಜಿನ ಪಾತ್ರೆ ತಂದಳು. ಮೌನೇಶ ತಟ್ಟೆಗೆ ಕೈ ಅಡ್ಡ ಹಿಡಿದ.

"ಮಾವ, ಬೇಜಾರು ಮಾಡ್ಕೋಬೇಡಿ. ಹಾಗಲಕಾಯಿ ನನಗೆ ಸೇರಲ್ಲ."

ಪುಟ್ಟಾಚಾರಿ ಬಾಯಲ್ಲಿದ್ದ ತುತ್ತನ್ನು ಹೇಗೋ ನುಂಗಿ, ನೀರು ಕುಡಿದು, ದೊಡ್ಡ ಉಸಿರು ಬಿಟ್ಟರು.

"ನನಗೂ ಸೇರಲ್ಲ ಕಣಪ್ಪ."

ನೀತಿ: ಪ್ರೀತಿಸುವವರ ಮನಸ್ಸು ನೋಯುತ್ತದೆಂದು ನಿಮ್ಮ ಮನಸ್ಸಿನ ಮಾತನ್ನು ಸೌದೆ ರಾಶಿಯಲ್ಲಿ ಬಚ್ಚಿಡಬೇಡಿ. ದಾಕ್ಷಿಣ್ಯಕ್ಕೆ ಹೂಂ ಅಂದರೆ ಇಬ್ಬರಿಗೂ ಬೇಡವಾದದ್ದು ಮನೆ ತುಂಬುತ್ತದೆ. ನಿಜವಾದ ಪ್ರೀತಿ ಒಂದು 'ಬೇಡ'ವನ್ನು ಕೇಳಿ ಮುರಿಯುವುದಿಲ್ಲ.