ಹಗ್ಗಮ್ಮನೂ ಫಿರಂಗಿರಾಯನೂ

ಹಗ್ಗಮ್ಮನದು ಮೂರು ತಲೆಮಾರಿನಿಂದ ನೌಕಾಪಡೆಯಲ್ಲಿದ್ದ ಮನೆತನ. ಬಿರುಗಾಳಿಯಲ್ಲೂ ಹಡಗನ್ನು ಬಂದರಿನ ಧಕ್ಕೆಗೆ ಬಿಗಿಹಿಡಿದವಳು ಅವಳ ಅಜ್ಜಿ.

ದೇಶ ಎರಡಾಗಿ ತನ್ನವರೊಡನೆ ತಾನೇ ಕಾದಾಡುತ್ತಿದ್ದ ಕಾಲ. ಅವಳ ಹಡಗಿನ ಫಿರಂಗಿರಾಯ ಗುಂಡು ಉಗುಳಿ ಎದುರಿನ ಹಡಗನ್ನು ಮುಳುಗಿಸಿದ. ನೀರಿನಲ್ಲಿ ಒದ್ದಾಡುತ್ತಿದ್ದ ನಾವಿಕನೊಬ್ಬನತ್ತ ಕಪ್ತಾನರು ಹಗ್ಗಮ್ಮನನ್ನು ಎಸೆದರು.

“ಅವನು ವೈರಿ ಕಣೇ ಮುದುಕಿ, ಬಿಟ್ಟುಬಿಡು! ಬಟ್ಟೆ ಒಣಹಾಕುವವಳಿಗೆ ಯುದ್ಧ ಏನು ಗೊತ್ತು?” ಎಂದು ಫಿರಂಗಿರಾಯ ಗದರಿದ.

“ಹಿಡಿದ ಕೈಯನ್ನು ಬಿಡುವುದು ನಮ್ಮ ಮನೆತನದಲ್ಲಿಲ್ಲ,” ಎಂದಳು ಹಗ್ಗಮ್ಮ. ಮೈಯ ಎಳೆಯೊಂದು ಕಡಿದರೂ ಅವಳು ಬಿಡಲಿಲ್ಲ.

ಮೇಲೆ ಬಂದವನು ನಡುಗುತ್ತ, “ಅಣ್ಣಾ,” ಎಂದ. ಕಪ್ತಾನರು ತೊಟ್ಟ ಕೋಟು ಬಿಚ್ಚಿ ತಮ್ಮನಿಗೆ ಹೊದಿಸಿ ಎದೆಗವಚಿಕೊಂಡರು. ಫಿರಂಗಿರಾಯ ಮೂತಿ ತಗ್ಗಿಸಿದ.

“ಮೂತಿ ತಗ್ಗಿಸಿದರೆ ಸಾಲದು,” ಎಂದಳು ಹಗ್ಗಮ್ಮ. “ನಡುಗುತ್ತಿರುವ ಆ ಮಗುವಿನ ಕ್ಷಮೆ ಕೇಳಿ.”